ನಗೆಚಿತ್ರದ ಡಾಕ್ಟರಿಗೆ ಹೆಸರಿಡುವಾಗ

ಚಿತ್ರೀಕರಣಕ್ಕೆ ಮೊದಲು ಚಿತ್ರಕಥೆಗಳನ್ನು ಕಾನೂನಿನ ದೃಷ್ಟಿಯಿಂದ ಓದಿಕೊಡುವ ವಕೀಲನಾದ ನಾನು ಮೊದಲು ತೆರೆಯುವುದು ಪಾತ್ರಗಳ ಪಟ್ಟಿಯನ್ನು. ಹಾಸ್ಯಚಿತ್ರವಾದರೆ ಅಲ್ಲೇ ಹೆಚ್ಚು ಹೊತ್ತು ಕೂರಬೇಕಾಗುತ್ತದೆ, ಏಕೆಂದರೆ ಅಲ್ಲಿ ಹೆಸರು ಕೇಳಿದೊಡನೆ ನಗು ಬರಬೇಕು, ಆ ಹೆಸರನ್ನು ಹೊತ್ತವನು ಲಂಚಕೋರನೋ, ನಕಲಿ ವೈದ್ಯನೋ, ಕಕ್ಷಿದಾರರನ್ನು ಸುಲಿಯುವ ವಕೀಲನೋ ಆಗಿರುತ್ತಾನೆ. ಪ್ರಸಿದ್ಧ ಹಾಸ್ಯಪಾತ್ರಗಳ ಕೆಲವು ಹೆಸರುಗಳು ಲೇಖಕರ ಕಲ್ಪನೆಗಿಂತ ಮೊಕದ್ದಮೆಯ ಭಯಕ್ಕೇ ಹೆಚ್ಚು ಋಣಿಯಾಗಿವೆ.

1937ರ ‘ಎ ಡೇ ಅಟ್ ದ ರೇಸಸ್’ ಚಿತ್ರದಲ್ಲಿ ಅಮೆರಿಕದ ಹಾಸ್ಯನಟ ಗ್ರೌಚೊ ಮಾರ್ಕ್ಸ್ ಅವರದು, ಪಶುವೈದ್ಯನಾಗಿದ್ದೂ ಮನುಷ್ಯರ ಆರೋಗ್ಯಧಾಮದ ಮುಖ್ಯಸ್ಥನಾಗಿ ಬಂದು ಕೂರುವ ಡಾ. ಹ್ಯಾಕೆನ್‌ಬುಷ್ ಎಂಬ ಪಾತ್ರ. ಮೊದಲು ಇಟ್ಟಿದ್ದ ಹೆಸರು ಕ್ವಾಕೆನ್‌ಬುಷ್. ನಕಲಿ ವೈದ್ಯನನ್ನು ಇಂಗ್ಲಿಷಿನಲ್ಲಿ ‘ಕ್ವಾಕ್’ ಎನ್ನುವುದರಿಂದ ಅದು ನಗಿಸಲೆಂದೇ ಹೊಸೆದ ಹೆಸರಿನಂತೆ ಕೇಳಿಸುತ್ತದೆ; ಆದರೆ ಅದು ಡಚ್ ಮೂಲದ ನಿಜವಾದ ಮನೆತನದ ಹೆಸರು, ಮೇಲಾಗಿ ಅಮೆರಿಕದಲ್ಲಿ ಆ ಹೆಸರಿನ ವೈದ್ಯರೂ ಇದ್ದರು. ದಾವೆಯ ಭಯದಿಂದ ಮೊದಲಕ್ಷರ ಬದಲಾಯಿತು. ಇದಕ್ಕೆ ಮೊದಲೇ, 1932ರಲ್ಲಿ, ಮಾರ್ಕ್ಸ್ ಸಹೋದರರ ರೇಡಿಯೋ ಸರಣಿಯೊಂದರಲ್ಲಿ ‘ಬೀಗಲ್, ಶೈಸ್ಟರ್ ಅಂಡ್ ಬೀಗಲ್’ ಎಂಬ ವಕೀಲರ ಕಚೇರಿಯಿತ್ತು. ಬೀಗಲ್ ಎಂಬ ಹೆಸರಿನ ನಿಜವಾದ ವಕೀಲರೊಬ್ಬರು ದಾವೆ ಹೂಡುವುದಾಗಿ ಬೆದರಿಸಿದ್ದರಿಂದ ಕೆಲವೇ ಕಂತುಗಳಲ್ಲಿ ಬೀಗಲ್ ಹೋಗಿ ಫ್ಲೈವೀಲ್ ಬಂದ. ಮುಂದೆ 1941ರ ‘ದ ಬಿಗ್ ಸ್ಟೋರ್’ ಚಿತ್ರದ ಪತ್ತೇದಾರನಿಗೂ ಗ್ರೌಚೊ ಅದೇ ಹೆಸರನ್ನು ತಂದರು. ನನ್ನ ಕಿವಿಗಂತೂ ಬೀಗಲ್‌ಗಿಂತ ಫ್ಲೈವೀಲ್ ಹೆಚ್ಚು ನಗು ತರಿಸುತ್ತದೆ.

ಅಷ್ಟು ಹೆದರಬೇಕಿತ್ತೇ ಎಂದು ನಿರ್ಮಾಪಕರು ಕೇಳುತ್ತಾರೆ. ಉತ್ತರವಾಗಿ ನಾನು ಹೇಳುವುದು ಆರ್ಟಿಮಸ್ ಜೋನ್ಸ್ ಪ್ರಕರಣವನ್ನು. ಇಂಗ್ಲೆಂಡಿನ ಪತ್ರಿಕೆಯೊಂದು ತನ್ನ ಹಾಸ್ಯಬರಹದಲ್ಲಿ, ಊರಿನಲ್ಲಿ ಚರ್ಚಿನ ಹಿರಿಯನಾಗಿದ್ದುಕೊಂಡು ಫ್ರಾನ್ಸಿನಲ್ಲಿ ಪರಸ್ತ್ರೀಯೊಡನೆ ತಿರುಗುವ ಕಲ್ಪಿತ ವ್ಯಕ್ತಿಗೆ ಆ ಹೆಸರಿಟ್ಟಿತ್ತು. ಅದೇ ಹೆಸರಿನ ಬ್ಯಾರಿಸ್ಟರ್ ಒಬ್ಬರು ದಾವೆ ಹೂಡಿ 1,750 ಪೌಂಡ್ ಪರಿಹಾರ ಪಡೆದರು. ಓದಿದವರು ಇದು ಇವರೇ ಎಂದು ಸಹಜವಾಗಿ ತಿಳಿದಿದ್ದರೆ ಸಾಕು, ಬರೆದವರ ಮನಸ್ಸಿನಲ್ಲಿ ಯಾರಿದ್ದರೆಂಬುದು ಮುಖ್ಯವಲ್ಲ ಎಂಬ ತೀರ್ಮಾನವನ್ನು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು. ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಮಾನನಷ್ಟವು ಅಪರಾಧವಾಗಬೇಕಾದರೆ ಹಾನಿ ಮಾಡುವ ಉದ್ದೇಶವೋ, ಹಾನಿಯಾಗುತ್ತದೆಂಬ ಅರಿವೋ, ಹಾಗೆ ನಂಬಲು ಕಾರಣವೋ ಇರಬೇಕು. ಆದರೆ ನಿರ್ಮಾಪಕರ ನಿದ್ದೆ ಕೆಡಿಸುವುದು ಜೈಲಲ್ಲ, ಶುಕ್ರವಾರದ ಬಿಡುಗಡೆಗೆ ಎರಡು ದಿನ ಮೊದಲು ಸಿವಿಲ್ ನ್ಯಾಯಾಲಯದಿಂದ ಬರಬಹುದಾದ ತಡೆಯಾಜ್ಞೆ.

ಆದ್ದರಿಂದ ನಾನು ನೋಡುವುದು ಹೆಸರೊಂದನ್ನೇ ಅಲ್ಲ. ಹೆಸರು, ವೃತ್ತಿ, ಊರು ಈ ಮೂರೂ ಒಬ್ಬನೇ ವ್ಯಕ್ತಿಯತ್ತ ಬೆರಳು ಮಾಡುತ್ತವೆಯೇ ಎಂಬುದನ್ನು. ‘ಡಾಕ್ಟರ್ ಮಂಜುನಾಥ್’ ಎಂದಷ್ಟೇ ಇದ್ದರೆ ನಾಡಿನ ತುಂಬ ಇರುವ ಮಂಜುನಾಥರಲ್ಲಿ ಯಾರೂ ತನ್ನನ್ನೇ ಅಂದರೆಂದು ಸಾಧಿಸುವುದು ಕಷ್ಟ. ಅದಕ್ಕೆ ಎರಡು ಇನಿಷಿಯಲ್ಲು ಸೇರಿ, ಕಣ್ಣಿನ ಡಾಕ್ಟರೆಂದಾಗಿ, ದೃಶ್ಯದ ಹಿನ್ನೆಲೆಯಲ್ಲಿ ಒಂದು ತಾಲ್ಲೂಕಿನ ಬಸ್ ನಿಲ್ದಾಣದ ಫಲಕವೂ ಕಂಡರೆ, ಆ ಊರಿನಲ್ಲಿ ಅಂಥವರು ಒಬ್ಬರೇ ಇರಬಹುದು. ನಮ್ಮ ಇನಿಷಿಯಲ್ಲುಗಳು ಸಾಮಾನ್ಯವಾಗಿ ಊರನ್ನೂ ತಂದೆಯನ್ನೂ ಸೂಚಿಸುವುದರಿಂದ ಈ ಅಪಾಯ ಹೆಚ್ಚು. ವೈದ್ಯ ಪಾತ್ರವಿದ್ದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹೆಸರನ್ನು ಹುಡುಕಿಸುತ್ತೇನೆ. ಸಿಕ್ಕರೆ ಊರನ್ನು ಕಲ್ಪಿತವಾಗಿಸಿ ಎನ್ನುತ್ತೇನೆ. ಬರಹಗಾರರಿಗೆ ಹೆಸರು ಬಿಡುವುದಕ್ಕಿಂತ ಊರು ಬಿಡುವುದು ಸುಲಭ.

ಬೇಕೆಂದೇ ನಿಜವಾದ ಹೆಸರನ್ನು ತಿರುಚುವುದು ಬೇರೆಯೇ ವಿಷಯ. ಅಮೆರಿಕದ ನಿರ್ದೇಶಕ ಮೆಲ್ ಬ್ರೂಕ್ಸ್ 1974ರ ‘ಬ್ಲೇಜಿಂಗ್ ಸ್ಯಾಡಲ್ಸ್’ ಚಿತ್ರದ ಖಳನಿಗೆ ಹೆಡ್ಲಿ ಲಮಾರ್ ಎಂದು ಹೆಸರಿಟ್ಟು, ಎಲ್ಲರೂ ಅವನನ್ನು ‘ಹೆಡಿ’ ಎಂದು ಕರೆದು ಬೈಸಿಕೊಳ್ಳುವಂತೆ ಮಾಡಿದರು. ನಟಿ ಹೆಡಿ ಲಮಾರ್ ನಿಜವಾಗಿಯೂ ದಾವೆ ಹೂಡಿದರು, ವಿವಾದ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು.

ಕುಂದನ್ ಶಾ ಅವರ 1983ರ ‘ಜಾನೇ ಭೀ ದೋ ಯಾರೋ’ ಚಿತ್ರದ ಇಬ್ಬರು ಛಾಯಾಗ್ರಾಹಕರ ಹೆಸರು ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ. ಎರಡೂ ಚಿತ್ರತಂಡದಲ್ಲೇ ಇದ್ದವರ ಹೆಸರುಗಳು: ವಿಧು ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ. ಗೆಳೆಯರ ಹೆಸರಿಡುವ ಈ ರೂಢಿ ನಮ್ಮ ಚಿತ್ರತಂಡಗಳಲ್ಲೂ ಇದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಚಿತ್ರ ಗೆದ್ದ ಮೇಲೆ ಗೆಳೆತನ ಹಾಗೇ ಉಳಿಯುತ್ತದೆಂಬ ಭರವಸೆಯಿಲ್ಲದ ಕಾರಣ, ಅಂಥ ಗೆಳೆಯರಿಂದಲೂ ಚಿತ್ರೀಕರಣಕ್ಕೆ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಎನ್ನುತ್ತೇನೆ.