ಹಳೇ ಕಾಫಿ ಬೀಜದಲ್ಲಿ ಇನ್ನೂ ಏನು ಉಳಿದಿದೆ?

ಊರಿಗೆ ಹೋದವರು ಬರುವಾಗ ಚಿಕ್ಕಮಗಳೂರಿನ ಹುರಿದ ಬೀಜ ತರುವುದು ಮುಂಬೈನ ಎಷ್ಟೋ ಕನ್ನಡದ ಮನೆಗಳಲ್ಲಿ ರೂಢಿ. ಮಾಟುಂಗದಲ್ಲೇ ಒಳ್ಳೆ ಬೀಜ ಸಿಗುತ್ತದೆ, ಆದರೂ ತರುತ್ತಾರೆ. ಅರ್ಧ ಖಾಲಿಯಾಗುವಷ್ಟರಲ್ಲಿ ಮಳೆಗಾಲ ಹಿಡಿಯುತ್ತದೆ. ಡಬ್ಬಿ ತೆರೆದರೆ ಘಮವೇ ಇಲ್ಲ. ಆಗ ಒಬ್ಬರು ‘ಸತ್ವ ಹೋಯಿತು, ಎಸೆಯಿರಿ’ ಅನ್ನುತ್ತಾರೆ. ಇನ್ನೊಬ್ಬರು ‘ಹಳೇ ಕಾಫಿ ವಿಷ’ ಅನ್ನುತ್ತಾರೆ. ಎರಡೂ ಸರಿಯಲ್ಲ. ಕೆಫೀನ್ ಎಲ್ಲಿಗೂ ಹೋಗಿರುವುದಿಲ್ಲ, ಅದು ಗಟ್ಟಿ ವಸ್ತು. ಬಣ್ಣ, ಕಹಿ, ಡಿಕಾಕ್ಷನ್ನಿನ ಮಂದ ಎಲ್ಲ ಬಹುಪಾಲು ಹಾಗೇ ಇರುತ್ತವೆ. ಹೋಗಿರುವುದು ಪರಿಮಳ ಮತ್ತು ಒಂದು ಅನಿಲ.

ಆ ಅನಿಲದ ಕತೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಾಫಿಯನ್ನು 200 ಡಿಗ್ರಿ ದಾಟಿಸಿ ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಕಿಲೋ ಬೀಜದಲ್ಲಿ ಹಲವು ಲೀಟರ್ ಅನಿಲ ಸಿಕ್ಕಿಹಾಕಿಕೊಂಡಿರುತ್ತದೆ. ವಾರಗಟ್ಟಲೆ ಅದು ನಿಧಾನವಾಗಿ ಹೊರಗೆ ಬರುತ್ತಲೇ ಇರುತ್ತದೆ. ದಾದರ್‌ನಲ್ಲಿ ಲೋಕಲ್ ನಿಂತಾಗ ನೋಡಿ: ಇಳಿಯುವವರು ನುಗ್ಗುತ್ತಿರುವಷ್ಟು ಹೊತ್ತು ಹತ್ತುವವರಿಗೆ ಬಾಗಿಲು ಸಿಗುವುದಿಲ್ಲ. ಇಲ್ಲೂ ಅಷ್ಟೇ. ಒಳಗಿನ ಅನಿಲ ಇಳಿಯುತ್ತಿರುವ ತನಕ ಹೊರಗಿನ ಆಮ್ಲಜನಕಕ್ಕೆ ಒಳಗೆ ಬರುವುದು ಕಷ್ಟ. ಇಳಿಯುವವರು ಮುಗಿದರು ಅಂದರೆ ಆಮ್ಲಜನಕ ಹತ್ತಿತು. ಅದು ಮೊದಲು ಮುಟ್ಟುವುದು ಗಂಧಕ ಇರುವ ಸೂಕ್ಷ್ಮ ಪರಿಮಳಗಳನ್ನು. ‘ಫರ್ಫ್ಯೂರಿಲ್ ಥಯೋಲ್’ ಅಂಥದ್ದೇ ಒಂದು. ಹುರಿದ ಕಾಫಿಯ ಘಮ ಅಂತ ನಮ್ಮ ಮೂಗು ಗುರುತಿಸುವುದರಲ್ಲಿ ಅದರದೇ ದೊಡ್ಡ ಪಾಲು. ಆಮೇಲೆ ಬೀಜದ ಎಣ್ಣೆಯ ಸರದಿ, ಅದು ಕಮಟಾಗುತ್ತದೆ. ಬೀಜ ಎಣ್ಣೆ ಎಣ್ಣೆಯಾಗಿ ಹೊಳೆಯುತ್ತಿದ್ದರೆ ತಾಜಾ ಅಂತ ನಂಬುವವರು ತುಂಬಾ ಜನ. ಜಾಸ್ತಿ ಹುರಿದದ್ದಕ್ಕೋ ಹಳೆಯದಾದದ್ದಕ್ಕೋ ಎಣ್ಣೆ ಮೇಲೆ ಬಂದಿರುತ್ತದೆ, ಅಷ್ಟೇ. ಮೇಲೆ ಬಂದ ಎಣ್ಣೆಗೆ ಗಾಳಿ ಇನ್ನೂ ಬೇಗ ತಾಗುತ್ತದೆ.

ಹೋದ ಘಮವನ್ನು ವಾಪಸ್ ತರುವ ಉಪಾಯ ಯಾವುದೂ ಇಲ್ಲ. ಆದರೆ ಒಳಗೆ ಸೇರಿದ ತೇವವನ್ನು ಓಡಿಸಬಹುದು. ಒಂದು ಬೀಜ ಹಲ್ಲಲ್ಲಿ ಕಚ್ಚಿ ನೋಡಿ. ಕಟಕ್ ಅಂತ ಪುಡಿಯಾದರೆ ಒಣಗಿದೆ. ಚರ್ಮದ ಹಾಗೆ ಜಗ್ಗಿದರೆ ತೇವ ಕುಡಿದಿದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ಮೂರು ನಿಮಿಷ ಆಡಿಸಿ. ಕೈಗೆ ಬಿಸಿ ತಾಗಿದರೆ ಸಾಕು, ಹೊಗೆ ಬರಬಾರದು. ಹೊಗೆ ಬಂದರೆ ಎರಡನೇ ಸಲ ಹುರಿದ ಹಾಗೆ, ಬರೀ ಕಹಿ. ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಅದೂ ಆ ಹೊತ್ತಿಗೆ ಬೇಕಾದಷ್ಟೇ.

ತೇವ ಅಂದಾಗ ಮಲಬಾರಿನ ‘ಮಾನ್ಸೂನ್ಡ್’ ಕಾಫಿ ನೆನಪಾಗುತ್ತದೆ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಸಮುದ್ರದ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಹಳದಿಯಾಗುತ್ತಿತ್ತು, ಹುಳಿ ತಗ್ಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ದಾರಿ ಕಿರಿದಾಯಿತು. ಹಳೇ ರುಚಿ ಬೇಕೆಂದವರಿಗಾಗಿ ಈಗ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜವನ್ನು ಬೇಕಂತಲೇ ಮಳೆಗಾಳಿಗೆ ಹರಡುತ್ತಾರೆ. ಎಂಥ ಚೆಂದದ ಉಪಾಯ! ಆದರೆ ಅದು ಹುರಿಯದ ಹಸಿ ಬೀಜ. ಹುರಿದ ಬೀಜಕ್ಕೆ ಅದೇ ಗಾಳಿ ಶತ್ರು.

ಇನ್ನು ಫಿಲ್ಟರ್. ಹೊಸ ಪುಡಿಗೆ ಬಿಸಿನೀರು ಬಿದ್ದರೆ ಅನಿಲ ಗುಳ್ಳೆಯೆದ್ದು ಪುಡಿ ಉಬ್ಬುತ್ತದೆ, ನೀರು ತಡೆದು ತಡೆದು ಇಳಿಯುತ್ತದೆ. ಹಳೇ ಪುಡಿ ಸುಮ್ನೆ ಕೂತಿರುತ್ತದೆ, ನೀರು ಸರ್ರನೆ ಇಳಿದುಹೋಗುತ್ತದೆ. ಅದಕ್ಕೇ ಮಾಮೂಲಿಗಿಂತ ತುಸು ನುಣ್ಣಗೆ ಬೀಸಿ, ಒಂದು ಚಮಚ ಜಾಸ್ತಿ ಹಾಕಿ, ಮೇಲಿನ ತಟ್ಟೆಯನ್ನು ಸ್ವಲ್ಪ ಒತ್ತಿ. ಎರಡನೇ ಸಲ ನೀರು ಹಾಕಬೇಡಿ, ಅದರಲ್ಲಿ ಬರುವುದು ಹೆಚ್ಚಾಗಿ ಕಹಿಯೇ. ಪುಡಿಗೆ ಚಿಟಿಕೆಗಿಂತ ಕಡಿಮೆ ಉಪ್ಪು ಸೇರಿಸಿದರೆ ನಾಲಿಗೆಗೆ ಕಹಿ ಕಡಿಮೆ ಅನ್ನಿಸುತ್ತದೆ. ಸೋಡಿಯಂ ಕಹಿಯನ್ನು ಅಡಗಿಸುತ್ತದೆ ಎಂಬ ಪ್ರಯೋಗ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿದೆ. ಗಟ್ಟಿ ಹಾಲೂ ಒಗರನ್ನು ಹಿಡಿಯುತ್ತದೆ, ಏಕೆಂದರೆ ಹಾಲಿನ ಪ್ರೋಟೀನು ಆ ಒಗರಿನ ಅಂಶಕ್ಕೆ ಅಂಟಿಕೊಳ್ಳುತ್ತದೆ. ಕಪ್ಪು ಕಾಫಿ ಇಷ್ಟಪಡುವವರು ತರಿಯಾಗಿ ಬೀಸಿ, ತಣ್ಣೀರಲ್ಲಿ ಹನ್ನೆರಡು ಗಂಟೆ ಫ್ರಿಜ್‌ನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಲಿ. ತಣ್ಣೀರು ಕಹಿಯನ್ನು ಅಷ್ಟಾಗಿ ಎಳೆಯುವುದಿಲ್ಲ.

ಬೂಸ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಮಾತ್ರ ಕನಿಕರ ಬೇಡ. ಬೂಸ್ಟಿನ ವಿಷ ಬಿಸಿಗೆ ಪೂರ್ತಿ ಹೋಗುವುದಿಲ್ಲ.

ಮುಂದಿನ ಸಲ ತಂದಾಗ ವಾರಕ್ಕೆ ಬೇಕಾದಷ್ಟನ್ನೇ ಹೊರಗಿಡಿ. ಉಳಿದದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಗಾಳಿ ಹೋಗದಂತೆ ಮುಚ್ಚಿ ಫ್ರೀಜರ್‌ನಲ್ಲಿಡಿ. ಫ್ರಿಜ್‌ನ ಕೆಳಗಿನ ಭಾಗ ಬೇಡ, ಅಲ್ಲಿ ನಿನ್ನೆಯ ಸಾರಿನ ವಾಸನೆಯೂ ತೇವವೂ ಬೀಜಕ್ಕೆ ಹತ್ತುತ್ತವೆ. ಹೊರತೆಗೆದ ಪೊಟ್ಟಣವನ್ನು ಚಳಿ ಪೂರ್ತಿ ಬಿಡುವ ತನಕ ಬಿಚ್ಚಬೇಡಿ. ಅವಸರಪಟ್ಟರೆ ಮುಂಬೈ ಗಾಳಿಯ ತೇವವೆಲ್ಲ ಆ ತಣ್ಣನೆ ಬೀಜದ ಮೇಲೆ ಹನಿಗಟ್ಟುತ್ತದೆ.