ಕಲಬಲಿಕ್: ರಾಜನ ಹಟದ ಜೊತೆ ಸ್ವೀಡನ್ನಿಗೆ ಬಂದ ಪದ

ಸ್ವೀಡಿಷ್ ಭಾಷೆಯಲ್ಲಿ ‘ಕಲಬಲಿಕ್’ ಅಂದರೆ ಗದ್ದಲ, ಗೊಂದಲ, ಯಾರು ಏನು ಮಾಡುತ್ತಿದ್ದಾರೆ ಅಂತ ಯಾರಿಗೂ ತಿಳಿಯದ ಸ್ಥಿತಿ. ಕೇಳಿದ ಕೂಡಲೇ ನಮ್ಮ ‘ಗಲಿಬಿಲಿ’ ನೆನಪಾಗುತ್ತದೆ, ಅಲ್ವಾ? ಆದರೆ ಈ ಪದ ಹೋಗಿದ್ದು ಟರ್ಕಿಶ್‌ನಿಂದ. ಅಲ್ಲಿ ಅದಕ್ಕೆ ಜನಜಂಗುಳಿ ಅಂತಷ್ಟೇ ಅರ್ಥ.

ಟರ್ಕಿಶ್ ಪದ ಅಷ್ಟು ದೂರದ ಚಳಿನಾಡಿಗೆ ಹೋಗಿದ್ದು ಹೇಗೆ? ಅದಕ್ಕೆ ಕಾರಣ ಸ್ವೀಡನ್ನಿನ ರಾಜ 12ನೇ ಚಾರ್ಲ್ಸ್.

1697ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಇನ್ನೂ 14 ವರ್ಷ. 1700ರಲ್ಲಿ ಡೆನ್ಮಾರ್ಕ್, ಸ್ಯಾಕ್ಸನಿ, ರಷ್ಯಾ ಮೂರೂ ಕೂಡಿ ಸ್ವೀಡನ್ ಮೇಲೆ ಬಿದ್ದವು. ಚಾರ್ಲ್ಸ್ ಮೊದಲು ಡೆನ್ಮಾರ್ಕನ್ನು ಮಣಿಸಿದ. ಅದೇ ನವೆಂಬರಿನಲ್ಲಿ ನಾರ್ವಾ ಬಳಿ, ಹಿಮಗಾಳಿ ರಷ್ಯನ್ನರ ಮುಖಕ್ಕೆ ರಾಚುತ್ತಿದ್ದಾಗ ನುಗ್ಗಿ, ತನ್ನ ಸೇನೆಯ ಮೂರು ಪಟ್ಟಿಗೂ ಜಾಸ್ತಿ ಇದ್ದ ಸೇನೆಯನ್ನು ಸೋಲಿಸಿದ. ಸ್ಯಾಕ್ಸನಿಯ ದೊರೆ ಆಗಸ್ಟಸ್ ಪೋಲೆಂಡಿಗೂ ರಾಜನಾಗಿದ್ದ; 1706ರಲ್ಲಿ ಅವನು ಪೋಲೆಂಡಿನ ಕಿರೀಟವನ್ನೇ ಬಿಟ್ಟುಕೊಡಬೇಕಾಯಿತು. ಆಮೇಲೆ ಚಾರ್ಲ್ಸ್ ರಷ್ಯಾದ ಒಳಕ್ಕೆ ಹೊರಟ. ಕೊರೆಯುವ ಚಳಿಗಾಲ ಅವನ ಸೇನೆಯನ್ನು ತಿಂದು ಹಾಕಿತು. 1709ರಲ್ಲಿ ಪೋಲ್ಟಾವಾದಲ್ಲಿ ಸೋತಾಗ ರಾಜನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಪಾದಕ್ಕೆ ಗುಂಡು ಬಿದ್ದಿತ್ತು, ಸೈನಿಕರು ಅವನನ್ನು ಹೊತ್ತುಕೊಂಡೇ ರಣರಂಗದಲ್ಲಿ ಓಡಾಡಿದ್ದರು.

ಅಳಿದುಳಿದವರ ಜೊತೆ ಅವನು ಒಟ್ಟೊಮನ್ ನೆಲದ ಬೆಂಡರ್‌ಗೆ ತಪ್ಪಿಸಿಕೊಂಡು ಬಂದ. ಆ ಊರು ಇವತ್ತಿನ ಮಾಲ್ಡೋವಾದಲ್ಲಿದೆ. ಬಂದವನು ವರ್ಷಗಟ್ಟಲೆ ಅಲ್ಲೇ ಉಳಿದ. ಅಲ್ಲಿಂದಲೇ ಸ್ವೀಡನ್ ಆಳಿದ, ಸಾಲ ಮಾಡಿದ, ರಷ್ಯಾ ಮೇಲೆ ಯುದ್ಧಕ್ಕೆ ಹೋಗಿ ಅಂತ ಸುಲ್ತಾನನ ಹಿಂದೆ ಬಿದ್ದ. ಟರ್ಕರು ಅವನನ್ನು ‘ದೆಮಿರ್‌ಬಾಶ್’ ಅಂತ ಕರೆದರು. ಬಿಡಿಸಿ ಓದಿದರೆ ಕಬ್ಬಿಣದ ತಲೆ. ಬಳಕೆಯಲ್ಲಿ, ಸರಕಾರಿ ಲೆಕ್ಕಪುಸ್ತಕದಲ್ಲಿ ಖಾಯಂ ಆಗಿ ಕೂತ ಸಾಮಾನು. ಎರಡೂ ಅವನಿಗೆ ಒಪ್ಪುತ್ತವೆ.

ಕೊನೆಗೆ ಮೂರನೇ ಅಹ್ಮದ್ ಸುಲ್ತಾನ ‘ಇನ್ನು ಹೊರಡಿ’ ಎಂದ. ಚಾರ್ಲ್ಸ್ ಒಪ್ಪಲಿಲ್ಲ. 1713ರ ಫೆಬ್ರವರಿಯಲ್ಲಿ ಸಾವಿರಾರು ಟರ್ಕರು, ತಾತಾರರು ಅವನ ಬಿಡಾರವನ್ನು ಮುತ್ತಿದರು. ರಾಜ ಬೆರಳೆಣಿಕೆಯ ಜನರೊಂದಿಗೆ ಮನೆಯೊಳಗೆ ಸೇರಿಕೊಂಡು ಗಂಟೆಗಟ್ಟಲೆ ಕಾದಾಡಿದ. ಸೂರಿಗೆ ಬೆಂಕಿ ಬಿತ್ತು. ಪಕ್ಕದ ಕಟ್ಟಡಕ್ಕೆ ಹೋಗೋಣ ಅಂತ ಕತ್ತಿ ಹಿಡಿದು ಹೊರಗೆ ಓಡಿದವನು ತನ್ನದೇ ಬೂಟಿಗಿದ್ದ, ಕುದುರೆ ತಿವಿಯುವ ಮುಳ್ಳಿಗೆ ಎಡವಿ ಬಿದ್ದ. ಅಷ್ಟರಲ್ಲಿ ಜನ ಮೈಮೇಲೆ ಮುಗಿಬಿದ್ದು ಸೆರೆಹಿಡಿದರು. ಯುರೋಪನ್ನೇ ನಡುಗಿಸಿದ್ದ ರಾಜ ನೆಲದಲ್ಲಿ ಬಿದ್ದಿರುವ ಆ ಗಳಿಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಸ್ವೀಡನ್ನಿನವರು ಈ ಘಟನೆಯನ್ನು ‘ಬೆಂಡರಿನ ಕಲಬಲಿಕ್’ ಎಂದರು. ಟರ್ಕಿಶ್‌ನಲ್ಲಿ ಸುಮ್ನೆ ಗುಂಪು ಅಂತಿದ್ದ ಮಾತಿಗೆ ಹೊಡೆದಾಟ, ಹೊಗೆ, ಗಲಾಟೆಯ ಅರ್ಥ ಸೇರಿದ್ದು ಹೀಗೆ. ಆ ದಿನ ಅವರು ಕಂಡ ಗುಂಪೇ ಅಂಥದ್ದು.

ಚಾರ್ಲ್ಸ್ 1714ರಲ್ಲಿ ಕುದುರೆಯೇರಿ ಯುರೋಪನ್ನು ದಾಟಿ ತನ್ನ ಆಳ್ವಿಕೆಯ ನೆಲಕ್ಕೆ ವಾಪಸ್ಸಾದ. 1718ರಲ್ಲಿ ನಾರ್ವೆಯ ಫ್ರೆಡ್ರಿಕ್‌ಸ್ಟೆನ್ ಕೋಟೆಯ ಮುತ್ತಿಗೆಯಲ್ಲಿ ತಲೆಗೆ ಗುಂಡು ತಗುಲಿ ಸತ್ತ. ಆಗ ಅವನಿಗೆ 36 ವರ್ಷ. ಮೂರು ವರ್ಷಗಳಲ್ಲಿ ಬಾಲ್ಟಿಕ್‌ನ ಪೂರ್ವ ದಡದ ಬಹುಪಾಲು ನೆಲ ರಷ್ಯಾದ ಪಾಲಾಯಿತು. ಪದ ಮಾತ್ರ ಸ್ವೀಡನ್ನಿನಲ್ಲೇ ಉಳಿದಿದೆ. ‘ದೇತ್ ಬ್ಲೇವ್ ಕಲಬಲಿಕ್’ ಅಂತ ಇವತ್ತೂ ಹೇಳುತ್ತಾರೆ, ನಾವು ‘ಒಂದೇ ಗಲಾಟೆ ಆಗ್ಹೋಯ್ತು’ ಅನ್ನುವ ಹಾಗೆ.