ಅಬಚಿಯ ಚಪ್ಪಲಿ ಬಾಗಿಲಲ್ಲೇ ಇದ್ದವು: ಮನೆತನದ ಗುಟ್ಟಿನ ಕಾದಂಬರಿ ಓದುವ ಬಗೆ

ಮನೆತನದ ಗುಟ್ಟು ಬಚ್ಚಿಟ್ಟುಕೊಂಡ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟವರು ಹೇಳುವ ಕಾರಣ ಸಾಮಾನ್ಯವಾಗಿ ಎರಡೇ. ‘ಮಂದಿ ಭಾಳ ಅದಾರ, ಯಾರು ಯಾರಿಗೇನಾಗಬೇಕೋ ತಿಳೀಲಿಲ್ಲ’ ಎಂಬುದು ಒಂದು. ‘ಐವತ್ತನೇ ಪುಟಕ್ಕೇ ಗುಟ್ಟು ಗೊತ್ತಾತು, ಮುಂದೇನು ಓದೂದು’ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ತೊಡಕು, ಅದಕ್ಕೆ ಉಪಾಯವಿದೆ. ಎರಡನೆಯದನ್ನು ಕೇಳಿದರೆ ಓದು ಹಾದಿ ತಪ್ಪಿದೆ ಎಂದೇ ತಿಳಿಯಬೇಕು. ಒಂದು ಕೂಸು ಯಾರ ಹೊಟ್ಟೆಯಲ್ಲಿ ಹುಟ್ಟಿತು, ಇನ್ನೊಂದು ಕೂಸು ಹೇಗೆ ಸತ್ತಿತು, ಯಾರು ಯಾಕೆ ಮನೆ ಬಿಟ್ಟರು, ಹೊಲ ಯಾರ ಹೆಸರಿಗೆ ಹೋಯಿತು. ಮನೆಗಳ ಗುಟ್ಟು ಬಹುಮಟ್ಟಿಗೆ ಇಷ್ಟರೊಳಗೇ ಮುಗಿಯುತ್ತವೆ, ಊಹಿಸುವುದು ದೊಡ್ಡ ಜಾಣತನವೇನೂ ಅಲ್ಲ. ಅದು ಯಾರಿಗೆ ಯಾವಾಗಿನಿಂದ ಗೊತ್ತಿತ್ತು, ಗೊತ್ತಿದ್ದೂ ಯಾರ ಮುಖ ನೋಡಿ ಬಾಯಿ ಕಟ್ಟಿಕೊಂಡರು ಎಂದು ಹಿಡಿದು ಹೊರಟರೆ ಕಾದಂಬರಿ ಕೈಗೆ ಸಿಗುತ್ತದೆ.

ಓದುವ ಮುಂಚೆ ಮುನ್ನುಡಿಯನ್ನು ದಾಟಿಬಿಡಿ. ಮುನ್ನುಡಿ ಬರೆಯುವವರಿಗೆ ಕಥೆ ಹೇಳಿಬಿಡುವ ಚಟ. ಮೂರನೇ ಪುಟದ ಹೊತ್ತಿಗೆ ಯಾರು ಯಾರ ಮಗ ಎಂಬುದೆಲ್ಲ ಬಯಲಾಗಿರುತ್ತದೆ. ಬೆನ್ನುಡಿಯೂ ಅದೇ ಹಣೆಬರಹದ್ದು. ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಮೊದಲ ಮುದ್ರಣದ ವರ್ಷವನ್ನಷ್ಟೇ ನೋಡಿಕೊಂಡು ಒಳಗೆ ಹೋಗಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ನೋಟುಬುಕ್ಕಿನ ನಡುವಿನ ಜೋಡಿ ಹಾಳೆಯೊಂದನ್ನು ಬಿಚ್ಚಿಕೊಳ್ಳಿ. ಎಡಗಡೆ ಮಂದಿ, ಬಲಗಡೆ ವರ್ಷ. ಹೊಸ ಹೆಸರು ಬಂದ ಕೂಡಲೇ ಪುಟಸಂಖ್ಯೆ ಸಮೇತ ಬರೆಯಿರಿ. ಮೊದಲ ನಲವತ್ತು ಪುಟಗಳಲ್ಲಿ ಹದಿನೈದು ಹೆಸರು ಬಂದರೂ ಗಾಬರಿ ಬೇಡ, ಕೊನೆಯ ತನಕ ಉಳಿಯುವವರು ಆರೇಳು ಮಂದಿ. ಸಂಬಂಧದ ಗೆರೆಗಳನ್ನು ಮಾತ್ರ ಪೆನ್ನಿನಲ್ಲಿ ಎಳೆಯಬೇಡಿ. ಈ ಜಾತಿಯ ಕಾದಂಬರಿಯಲ್ಲಿ ಒಂದಾದರೂ ಗೆರೆಯನ್ನು ಅಳಿಸಿ ಬೇರೆ ಕಡೆ ಎಳೆಯಬೇಕಾಗಿ ಬರುತ್ತದೆ.

ನಮ್ಮ ಭಾಗದ ಮನೆಯನ್ನು ಕುರಿತ ಕಾದಂಬರಿಯಾದರೆ ಪ್ರತಿ ಹೆಸರಿನ ಮುಂದೆ ಎರಡು ಸಂಗತಿ ಬೇಕು: ಆ ವ್ಯಕ್ತಿ ಏನಾಗಬೇಕು, ಏನಂತ ಕರೆಯುತ್ತಾರೆ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕೂಡುಮನೆಗಳಲ್ಲಿ ಹಡೆದ ತಾಯಿಯನ್ನು ‘ವೈನಿ’ (ಅತ್ತಿಗೆ) ಎಂದೋ ‘ಅಕ್ಕ’ ಎಂದೋ, ತಂದೆಯನ್ನು ‘ಅಣ್ಣ’ ಎಂದೋ ‘ಕಾಕಾ’ ಎಂದೋ ಕರೆಯುವವರು ಸಿಗುತ್ತಾರೆ. ಮನೆಯ ಮೈದುನರು ವೈನಿ ಅನ್ನುವುದನ್ನು ಕೇಳಿ ಕೂಸೂ ಹಾಗೇ ನಾಲಿಗೆ ತಿರುಗಿಸಿಕೊಂಡಿರುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಇದನ್ನು ಅರಿಯದ ಓದುಗ ಇಪ್ಪತ್ತನೇ ಪುಟದಲ್ಲೇ ‘ಓಹೋ, ಈಕೆ ನಿಜವಾದ ತಾಯಿಯಲ್ಲ’ ಎಂದು ತೀರ್ಮಾನಿಸಿ ಕೂರುತ್ತಾನೆ. ಜಾಣ ಲೇಖಕ ಇದನ್ನೇ ಮರೆಯಾಗಿ ಬಳಸುತ್ತಾನೆ. ಎಲ್ಲರ ಮನೆಯ ರೂಢಿಯಂತೆ ಕಾಣುವ ಒಂದು ‘ಅಕ್ಕ’ ಎಂಬ ಕರೆಯೊಳಗೆ ನಿಜಕ್ಕೂ ಒಬ್ಬ ತಾಯಿಯನ್ನು ಮುಚ್ಚಿಟ್ಟಿರುತ್ತಾನೆ. ಕರೆಯನ್ನು ನಂಬದೆ ಕೆಲಸ ನೋಡಿ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವವರು ಯಾರು, ಅದು ಯಾರ ಬಗಲಲ್ಲಿ ಮಲಗುತ್ತದೆ, ಜ್ವರ ಬಂದಾಗ ಹರಕೆ ಹೊರುವವರು ಯಾರು? ಈ ಮೂರಕ್ಕೂ ಉತ್ತರ ಒಬ್ಬಳೇ ಆಗಿ, ಅವಳು ಅವ್ವ ಅನ್ನಿಸಿಕೊಂಡಿಲ್ಲದಿದ್ದರೆ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ.

ಹೆಸರುಗಳೂ ಬಾಯಿ ಬಿಡುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವ ಪದ್ಧತಿ ಇತ್ತು. ಬೇಡವಾದದ್ದು ಎಂದು ತೋರಿಸಿದರೆ ಸಾವು ಕಣ್ಣು ಹಾಕುವುದಿಲ್ಲ ಎಂಬ ನಂಬಿಕೆ. ಹೆಣ್ಣು ಮಕ್ಕಳ ಸಾಲಿನ ಕೊನೆಯವಳು ಸಾಕವ್ವ. ಅಜ್ಜನ ಹೆಸರು ತಿಪ್ಪಣ್ಣ ಎಂದು ಮೂರನೇ ಪುಟದಲ್ಲಿ ಸುಮ್ಮನೆ ಬಂದುಹೋದರೆ, ಆತನಿಗಿಂತ ಮುಂಚೆ ಒಂದೋ ಎರಡೋ ಕೂಸು ಮಣ್ಣು ಸೇರಿವೆ ಎಂದು ಅನುಮಾನಿಸಲು ಕಾರಣವಿದೆ. ಹಿರಿಯರ ಹೆಸರನ್ನೋ ಊರ ದೇವರ ಹೆಸರನ್ನೋ ಇಟ್ಟಿರಲೂಬಹುದು, ಹಾಗಾಗಿ ಪಕ್ಕದಲ್ಲಿ ಪ್ರಶ್ನೆಯ ಗುರುತು ಇರಲಿ.

ಇನ್ನು ಸಾಲುಗಳನ್ನು ಓದುವ ಕೆಲಸ. ಇಂಥದೊಂದು ಭಾಗ ಬಂದಿದೆ ಅಂದುಕೊಳ್ಳಿ, ಹೇಳುತ್ತಿರುವುದು ಏಳು ವರ್ಷದ ಹುಡುಗ, ಅಬಚಿ ಎಂದರೆ ಅವನ ಅವ್ವನ ತಂಗಿ:

‘ಆ ವರ್ಷ ಕಾರಹುಣ್ಣಿಮಿಗೆ ಅವ್ವ ಕರಿಗಡಬು ಮಾಡಲಿಲ್ಲ. ಪಡಸಾಲ್ಯಾಗಿನ ತೊಟ್ಟಿಲಾ ಅಟ್ಟಕ್ಕ ಹೋಗಿತ್ತು. ಅಬಚಿ ಊರಿಗೆ ಹೋಗ್ಯಾಳ ಅಂದ್ರು. ಆಕಿ ಚಪ್ಪಲಿ ಬಾಗಲದಾಗ ಹಂಗ ಇದ್ದುವು.’

ನಾಲ್ಕೇ ಸಾಲು, ಅಳು ಎಲ್ಲೂ ಇಲ್ಲ. ಎತ್ತುಗಳಿಗೆ ಬಣ್ಣ ಬಳಿದು ಓಡಿಸುವ ಜೂನ್ ತಿಂಗಳ ಹಬ್ಬದಲ್ಲಿ ಒಕ್ಕಲುತನದ ಮನೆ ಕಡಬು ಮಾಡಲಿಲ್ಲ ಎಂದರೆ ಮನೆಯಲ್ಲಿ ಸಾವಾಗಿದೆ, ಆ ವರ್ಷ ಹಬ್ಬ ಹಿಡಿದಿಲ್ಲ. ತೊಟ್ಟಿಲು ಅಟ್ಟ ಸೇರಿದೆ ಎಂದರೆ ಸತ್ತದ್ದು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಹುಡುಗ ಎರಡನ್ನೂ ಕೂಡಿಸುವುದಿಲ್ಲ. ಅವನ ಪಾಲಿಗೆ ಒಂದು ಸಿಹಿ ತಪ್ಪಿದೆ, ಒಂದು ಸಾಮಾನು ಜಾಗ ಬದಲಿಸಿದೆ. ಮೂರನೇ ಸಾಲಿನಲ್ಲಿ ‘ಅಂದ್ರು’ ಎಂಬ ಮಾತಿದೆ, ಅಂದವರು ಯಾರು ಎಂಬುದಿಲ್ಲ. ಅಬಚಿ ಊರಿಗೆ ಹೋದದ್ದನ್ನು ಹುಡುಗ ನೋಡಿಲ್ಲ. ನಾಲ್ಕನೆಯದರಲ್ಲಿ ಕಂಡದ್ದನ್ನು ಮಾತ್ರ ಹೇಳುತ್ತಾನೆ, ಚಪ್ಪಲಿ ಇವೆ. ಊರಿಗೆ ಹೊರಟವರು ಬರಿಗಾಲಲ್ಲಿ ಹೋಗುತ್ತಾರೆಯೇ? ಕೂಸಿನ ಸಾವಿಗೂ ಅಬಚಿ ಇಲ್ಲದಿರುವುದಕ್ಕೂ ಏನೋ ನಂಟಿದೆ ಎಂದು ಇಲ್ಲಿ ಓದುಗನಿಗೆ ಹೊಳೆಯಬೇಕು. ಆಕೆಯೇ ಆ ಕೂಸಿನ ತಾಯಿ ಎಂದು ಇಷ್ಟಕ್ಕೇ ಹಾರಬಾರದು. ಆಕೆಯ ಕೈಯಿಂದ ಏನೋ ಅನಾಹುತ ಆಗಿರಬಹುದು, ಆಕೆಯ ಮೇಲೆ ಸುಳ್ಳೇ ಹೊರಿಸಿರಬಹುದು. ಅಂಚಿನಲ್ಲಿ ಬರೆಯಬೇಕಾದ್ದು ಎರಡೇ ಮಾತು: ಅಂದವರ‍್ಯಾರು? ತೊಟ್ಟಿಲು ಎತ್ತಿಟ್ಟವರ‍್ಯಾರು?

ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಲು ಕನ್ನಡದ ಓದುಗನ ಕೈಯಲ್ಲಿ ಒಳ್ಳೆಯ ಹತಾರವಿದೆ. ‘ಕೂಸು ಜ್ವರದಾಗ ಹೋತು’ ಎಂದರೆ ಹೇಳುವವನು ಹೊಣೆ ಹೊರುತ್ತಾನೆ. ‘ಕೂಸು ಜ್ವರದಾಗ ಹೋತಂತ’ ಎಂದ ಕೂಡಲೇ ಹೊಣೆ ಜಾರಿತು, ಅದು ಯಾರೋ ಕೊಟ್ಟ ಮಾತು. ಮೊದಲ ಅಧ್ಯಾಯದಲ್ಲಿ ‘ಹೋತಂತ’ ಎಂದಿದ್ದದ್ದು ಹತ್ತನೆಯದರಲ್ಲಿ ‘ಹೋತು’ ಆಗಿದ್ದರೆ ನಡುವೆ ಎಲ್ಲೋ ನಿರೂಪಕನಿಗೆ ಸತ್ಯ ತಿಳಿದಿದೆ, ಇಲ್ಲವೇ ಮನೆಯವರ ಸುಳ್ಳನ್ನು ತನ್ನದಾಗಿಸಿಕೊಂಡಿದ್ದಾನೆ. ಯಾವುದು ಎಂದು ಹುಡುಕುವುದೇ ಓದು. ‘ಹೋದ’ ಎಂಬ ಮಾತಿಗೂ ಎರಡು ಮುಖ: ದೊಡ್ಡವರು ತೀರಿಕೊಂಡ ಎಂಬರ್ಥದಲ್ಲಿ ಅಂದರೆ ಮಗು ಎಲ್ಲಿಗೆ ಎಂದು ಕೇಳುತ್ತದೆ, ಬಾಗಿಲು ಕಾಯುತ್ತದೆ. ‘ಬಾವಿಗೆ ಬಿದ್ದಳು’ ಎಂಬಲ್ಲಿ ಕಾಲು ಜಾರಿದ್ದೂ ಆಗಬಹುದು, ಬೇರೆಯೂ ಆಗಬಹುದು. ‘ಹಾರಿಕೊಂಡಳು’ ಎಂಬಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ. ಮನೆಯವರು ಯಾವ ಕ್ರಿಯಾಪದ ಬಳಸಿದರು, ಊರವರು ಯಾವುದನ್ನು ಬಳಸಿದರು ಎಂದು ಬೇರೆ ಬೇರೆ ಬರೆದಿಡಿ.

ಮನೆಯ ನಕ್ಷೆಯೊಂದನ್ನು ಕೈಗೀಚಿನಲ್ಲಿ ಬಿಡಿಸಿಕೊಂಡರೆ ಲಾಭ ಬಹಳ. ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ಬೆಳಕಿಂಡಿಯ ಬದಿಗೆ ಮಲಗಿದ ಹುಡುಗನಿಗೆ ಕೆಳಗೆ ನಡುಮನೆಯ ಪಿಸುಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ದನಿಯೊಂದನ್ನೇ ನೆಚ್ಚಿ ಅವನು ‘ಅದು ಕಾಕಾನ ದನಿ’ ಎಂದಿದ್ದರೆ ಅದು ಪೂರ್ತಿ ನಂಬುವಂಥ ಸಾಕ್ಷಿಯಲ್ಲ. ಕಥೆ ಹಳೇ ಬಾಗಲಕೋಟೆಯದಾದರೆ ಇನ್ನೊಂದು ಮಾತು. ಆಲಮಟ್ಟಿ ಹಿನ್ನೀರಿಗೆ ಸಿಕ್ಕು ನವನಗರಕ್ಕೆ ಬಂದ ಮನೆಗಳವರು ಹಳೆಯ ಮನೆಯನ್ನು ನೆನಪಿನಲ್ಲಿ ದೊಡ್ಡದು ಮಾಡಿಕೊಂಡಿರುವುದು ಸಹಜ. ಹೋಗಿ ಅಳೆದು ನೋಡಲು ಗೋಡೆಯೇ ಇಲ್ಲ. ನಿರೂಪಕ ಹೇಳುವ ಕೋಣೆಗಳ ಎಣಿಕೆ ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಾದರೆ ಅಚ್ಚಿನ ತಪ್ಪೆಂದು ದಾಟಬೇಡಿ.

ಹಾಳೆಯ ಬಲಗಡೆಗೆ ಬರೋಣ. ಇಂಥ ಕಾದಂಬರಿಯಲ್ಲಿ ತಾರೀಖು ನೇರವಾಗಿ ಸಿಗುವುದು ಕಡಿಮೆ, ಗೂಟಗಳು ಸಿಗುತ್ತವೆ: 1918ರ ಇನ್‌ಫ್ಲುಯೆಂಜಾ, 1956ರ ಏಕೀಕರಣ, 72ರ ಬರ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಳಗಾಂ, ಬಿಜಾಪುರ ಎಂಬ ಅಧಿಕೃತ ಹೆಸರು ಬೆಳಗಾವಿ, ವಿಜಯಪುರ ಆದದ್ದು 2014ರ ನವೆಂಬರ್ 1ಕ್ಕೆ. ನಿರೂಪಕಿ ‘ಬರಗಾಲದಾಗ ನನಗ ಏಳು’ ಎನ್ನುತ್ತಾಳೆ, ಹಾಗಾದರೆ ಹುಟ್ಟಿದ್ದು 1965ರ ಸುಮಾರಿಗೆ. ತಂಗಿ ನಾಲ್ಕು ವರ್ಷ ಸಣ್ಣವಳು, 1969. ಗೋಡೆಯ ಫೋಟೋದ ಹಿಂದೆ 1966 ಎಂದಿದೆ, ಅದರಲ್ಲಿ ಅವ್ವನ ತೊಡೆಯ ಮೇಲೆ ಇಬ್ಬರು ಮಕ್ಕಳು. ಇನ್ನೊಂದು ಯಾರ ಕೂಸು? ಕೂಡಿಸಿ ಕಳೆಯದವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ, ಲೇಖಕರು ಬಾಯಿಬಿಟ್ಟು ಹೇಳುವುದೂ ಇಲ್ಲ. ಒಂದು ವರ್ಷದ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ, ವಯಸ್ಸನ್ನು ಅಂದಾಜಿನಲ್ಲಿ ಹೇಳುವುದು ನಮ್ಮ ವಾಡಿಕೆ. ಎರಡು ವರ್ಷಕ್ಕಿಂತ ಹೆಚ್ಚು ತಪ್ಪಿದರೆ ನಿಲ್ಲಿ.

ಟ್ರಂಕಿನೊಳಗಿನ ಕಾಗದಗಳದು ಇನ್ನೊಂದು ಕಥೆ. ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಗಳ ಹಳೆಯ ಮನೆತನಗಳಲ್ಲಿ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಪತ್ರ ಇರುತ್ತಿದ್ದವು. ಸ್ವಾತಂತ್ರ್ಯದ ಆಸುಪಾಸಿಗೆ ಆ ಲಿಪಿ ಬಳಕೆಯಿಂದ ಬಿದ್ದುಹೋಯಿತು. ಹಾಗಾಗಿ ಗುಟ್ಟು ಕಣ್ಣೆದುರಿನ ಟ್ರಂಕಿನಲ್ಲೇ ಇದ್ದೂ ಮೊಮ್ಮಗನಿಗೆ ಓದಲು ಬರುವುದಿಲ್ಲ. ಪಾತ್ರವೊಂದು ‘ಅದೇನೋ ಹಳೇ ಹೊಲದ ಕಾಗದ’ ಎಂದು ತಳ್ಳಿಹಾಕಿದರೆ ಹಾಗೆಂದು ಅವನಿಗೆ ಹೇಳಿದವರು ಯಾರೆಂದು ಹಿಂದಕ್ಕೆ ಹೋಗಿ ನೋಡಿ. ಆ ಕಾಗದಗಳಲ್ಲಿ ದತ್ತಕಪತ್ರವೂ ಇರಬಹುದು. 1956ರ ಹಿಂದೂ ದತ್ತಕ ಕಾಯ್ದೆ, ಬೇರೆ ರೂಢಿ ಇಲ್ಲದಿದ್ದರೆ, ಹದಿನೈದು ತುಂಬಿದವರ ದತ್ತಕವನ್ನು ಒಪ್ಪುವುದಿಲ್ಲ. ಅದಕ್ಕೂ ಮುಂಚೆ ಮುಂಬಯಿ ಭಾಗದಲ್ಲಿ ಮದುವೆಯಾದವನನ್ನೂ ದತ್ತಕ ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ. ಈ ಕಾನೂನು ಗೊತ್ತಿದ್ದರೆ ‘ಅಷ್ಟು ದೊಡ್ಡವನನ್ನು ಯಾಕೆ ದತ್ತಕ ತಗೊಂಡ್ರು’ ಎಂಬ ಪ್ರಶ್ನೆ ವಾರಸುದಾರಿಕೆಯ ಕಡೆ ತಿರುಗುತ್ತದೆ.

ಎಳವೆಯಲ್ಲಿ ಕಳೆದುಕೊಳ್ಳುವುದೆಂದರೆ ಸಾವೇ ಆಗಬೇಕಿಲ್ಲ ಎಂಬುದನ್ನೂ ದತ್ತಕ ತೋರಿಸುತ್ತದೆ. ಐದು ವರ್ಷದ ಹುಡುಗನನ್ನು ಮಕ್ಕಳಿಲ್ಲದ ದೊಡ್ಡಪ್ಪ ದತ್ತಕ ತೆಗೆದುಕೊಂಡ. ಹಡೆದವಳು ಅದೇ ಓಣಿಯಲ್ಲಿದ್ದಾಳೆ, ನಿನ್ನೆಯವರೆಗೂ ಅವ್ವ ಆಗಿದ್ದವಳನ್ನು ಇವತ್ತಿನಿಂದ ‘ಕಾಕು’ (ಚಿಕ್ಕಮ್ಮ) ಅನ್ನಬೇಕು. ಅಳಲು ಹೆಣವಿಲ್ಲ, ಹಿಡಿಯಲು ಸೂತಕವಿಲ್ಲ. ಇಂಥ ಕಡೆ ಲೇಖಕರು ದುಃಖವನ್ನು ಸಾಮಾನಿನೊಳಗೆ ಇಡುತ್ತಾರೆ: ಒಂದು ಕೌದಿ, ಒಂದು ಗಂಗಾಳ, ಒಂದು ಜೋಡು ಚಪ್ಪಲಿ. ಮೂರು ಸಾಮಾನು ಆರಿಸಿಕೊಂಡು ಅವು ಎಲ್ಲೆಲ್ಲಿ ಬರುತ್ತವೆ, ಯಾರ ಕೈಗೆ ಹೋಗುತ್ತವೆ ಎಂದಷ್ಟೇ ಹಿಂಬಾಲಿಸಿ. ಹತ್ತು ಹಿಡಿದರೆ ಎಲ್ಲವೂ ಸಂಕೇತವಾಗಿ ಕಂಡು ಓದು ಕೆಡುತ್ತದೆ. ಬೀಸುವ ಪದ, ಜೋಗುಳ ಬಂದಲ್ಲಿ ಪುಟ ಹಾರಿಸುವವರಿದ್ದಾರೆ, ಅದು ನಷ್ಟದ ಬಾಬತ್ತು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ನೋಡಿದವರಿಗೆ ಗೊತ್ತು, ಮನೆಯಲ್ಲಿ ಬಾಯಿ ಬಿಡದ ಹೆಣ್ಣುಮಗಳು ಬೀಸುಕಲ್ಲಿನ ಮುಂದೆ ಮೂರು ಸಾಲಿನಲ್ಲಿ ತವರು, ಕೂಸು, ಹಡೆದವ್ವ ಎಲ್ಲವನ್ನೂ ಹೇಳಿಬಿಡುತ್ತಾಳೆ. ಕಾದಂಬರಿಯ ಅಜ್ಜಿ ಹಾಡಿದಳೆಂದರೆ ಸಾಕ್ಷಿ ನುಡಿಯುತ್ತಿರಬಹುದು.

ಮುನ್ನೂರು ಪುಟದ ಪುಸ್ತಕಕ್ಕೆ ಹತ್ತು ಕೂಟ ಇಟ್ಟುಕೊಳ್ಳಿ, ಒಮ್ಮೆಗೆ ಮೂವತ್ತು ಪುಟ ಮೀರಬೇಡಿ. ನಾಲ್ಕು ದಿನಕ್ಕಿಂತ ಹೆಚ್ಚು ಬಿಡುವು ಕೊಟ್ಟರೆ ಸಣ್ಣ ಸುಳಿವುಗಳು ಮರೆಯುತ್ತವೆ. ಕೊನೆಯ ಐವತ್ತು ಪುಟ ಮಾತ್ರ ಒಂದೇ ಕೂಟದಲ್ಲಿ ಮುಗಿಯಲಿ. ಮುಗಿಸಿದ ದಿನವೇ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಅರ್ಧ ತಾಸಿನ ಕೆಲಸ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ವಂಶದ ಮೇಲೆ ಅಷ್ಟು ನಿಷ್ಠೆಯಿಟ್ಟ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸತ್ಯ ಕೊನೆಗೆ ತಿಳಿಯುತ್ತದೆ (1965ರ ಪುಸ್ತಕ, ಈಗ ಹೇಳಿದರೆ ಯಾರೂ ಬೈಯಲಾರರು). ಅದು ಗೊತ್ತಿದ್ದು ಮೊದಲಿನಿಂದ ಓದಿದಾಗ ವಂಶದ ಬಗ್ಗೆ ಅವರು ಆಡುವ ಒಂದೊಂದು ಮಾತಿಗೂ ಇನ್ನೊಂದು ಭಾರ ಕೂಡಿಕೊಳ್ಳುತ್ತದೆ. ಗುಟ್ಟು ಗೊತ್ತಾದರೆ ಓದು ಮುಗಿಯಿತು ಅನ್ನುವವರಿಗೆ ಇಷ್ಟು ಉತ್ತರ ಸಾಕು.

ಗೆಳೆಯರ ಬಳಗದಲ್ಲಿ ಓದುವುದಾದರೆ ಎಂಟು ಹತ್ತು ಮಂದಿ, ಒಂದೂವರೆ ತಾಸು. ‘ತಪ್ಪು ಯಾರದು’ ಎಂದು ಶುರು ಮಾಡಿದರೆ ಚರ್ಚೆ ಪಂಚಾಯಿತಿಯಾಗುತ್ತದೆ, ಕಾದಂಬರಿ ಹೊರಗೇ ಉಳಿಯುತ್ತದೆ. ‘ಮೊದಲು ತಿಳಿದದ್ದು ಯಾರಿಗೆ, ಯಾವ ಪುಟದಲ್ಲಿ’ ಎಂದು ಶುರು ಮಾಡಿ, ಎಲ್ಲರೂ ಪುಸ್ತಕ ತೆರೆಯಲೇಬೇಕಾಗುತ್ತದೆ. ಇದು ಲೇಖಕರ ಸ್ವಂತ ಮನೆಯ ಕಥೆಯೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ, ಅದನ್ನು ಚಹಾದ ಹೊತ್ತಿಗೆ ಮುಂದೂಡಿ. ಒಂದು ಎಚ್ಚರ ಮಾತ್ರ ಬೇಕೇ ಬೇಕು. ಕೂಸು ಕಳೆದುಕೊಂಡವರು ಬಳಗದಲ್ಲಿ ಇರಬಹುದು, ಹೇಳಿಕೊಂಡಿರಲಿಕ್ಕಿಲ್ಲ. ಪುಸ್ತಕದಲ್ಲಿ ಮಗುವಿನ ಸಾವಿದೆ, ಇಂಥ ಅಧ್ಯಾಯದಲ್ಲಿದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ. ಆ ಭಾಗವನ್ನು ಗಟ್ಟಿಯಾಗಿ ಓದಿಸುವ ಹುಮ್ಮಸ್ಸು ಬೇಡ.

ಪುಸ್ತಕ ವಾಚನಾಲಯದ್ದಾದರೆ ಅಂಚಿನ ಬದಲು ಹಾಳೆಯಲ್ಲೇ ಬರೆಯಿರಿ. ತಪ್ಪಿ ಪೆನ್ಸಿಲ್ ಗುರುತು ಹಾಕಿದ್ದರೆ ಒಂದೊಂದನ್ನೂ ಅಳಿಸಿ ಹಿಂತಿರುಗಿಸಿ. ಮೂವತ್ತನೇ ಪುಟದ ಅಂಚಿನಲ್ಲಿ ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ ‘ಈಕೀನ ತಾಯಿ!’ ಎಂದು ಗೀಚಿಟ್ಟ ಪ್ರತಿಯನ್ನು ಮನೆಗೆ ಒಯ್ದವರಿಗೆ ಇದರ ಬೆಲೆ ಗೊತ್ತು.